ಲಕ್ರಾಸ್ ಆಟ ಮತ್ತು ಕೋಚ್‌ಗಳ ಮೌನ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು. ಒಂಬತ್ತನೇ ತರಗತಿಯಲ್ಲಿರುವ ನಮ್ಮ ಮಗ ಶಾಲೆಯ ಲಕ್ರಾಸ್ (ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ತಂಡದಲ್ಲಿದ್ದಾನೆ. ಡಿವಿಷನ್ 1 (ಕಾಲೇಜು ಕ್ರೀಡೆಯ ಅತ್ಯುನ್ನತ ದರ್ಜೆ) ಕಾಲೇಜುಗಳ ಕೋಚ್‌ಗಳಿಗೆ ಇ-ಮೇಲ್ ಬರೆದರೂ ಉತ್ತರವಿಲ್ಲ. ಅವನ ಆಟ ಸಾಲದೆಂದು ತಿಳಿಯಬೇಕೆ?

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಎಳೆಯ ಮಕ್ಕಳಿಂದಲೇ ಕಾಲೇಜು ತಂಡ ಸೇರುವ ಬಾಯಿಮಾತಿನ ಒಪ್ಪಿಗೆ ಪಡೆಯುವ ಪರಿಪಾಟ ಮಿತಿಮೀರಿದ್ದರಿಂದ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎ 2017ರಲ್ಲಿ ನಿಯಮ ಬಿಗಿಗೊಳಿಸಿತು. ಅದರಂತೆ, ಆಟಗಾರನು ಹನ್ನೊಂದನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ಕ್ಕೆ ಮೊದಲು ಡಿವಿಷನ್ 1 ಕೋಚ್‌ಗಳು ಅವನೊಂದಿಗೆ ತಂಡಕ್ಕೆ ಸೇರಿಸಿಕೊಳ್ಳುವ ಮಾತುಕತೆ ನಡೆಸುವಂತಿಲ್ಲ. ಉತ್ತರಿಸದಿದ್ದರೂ ಅವರು ಬೇಸಿಗೆಯ ಟೂರ್ನಿಗಳಲ್ಲಿ ಮೈದಾನದ ಅಂಚಿನಲ್ಲಿ ನಿಂತು ಗಮನಿಸುತ್ತಿರುತ್ತಾರೆ. ಆದ್ದರಿಂದ ಎರಡು-ಮೂರು ನಿಮಿಷಗಳ ವಿಡಿಯೊ ಸಿದ್ಧವಿರಲಿ. ಅದರಲ್ಲಿ ಗೋಲುಗಳಷ್ಟೇ ಅಲ್ಲ, ನೆಲಕ್ಕೆ ಬಿದ್ದ ಚೆಂಡನ್ನು ಓಡುತ್ತಲೇ ಕೋಲಿನ ಬಲೆಗೆ ಎತ್ತಿಕೊಳ್ಳುವುದು, ಎಡಗೈಯಲ್ಲೂ ತಪ್ಪದೆ ಪಾಸ್ ಕೊಡುವುದು ಕಾಣಬೇಕು. ತಂದೆತಾಯಿ ಗೋಲುಗಳನ್ನಷ್ಟೇ ಪೋಣಿಸುವುದೇ ಹೆಚ್ಚು!

ಹಣದ ಲೆಕ್ಕ ಬೇರೆ. ಡಿವಿಷನ್ 3 (ಮೂರನೇ ದರ್ಜೆ) ಕಾಲೇಜುಗಳಾಗಲಿ ಐವಿ ಲೀಗ್ (ಹಾರ್ವರ್ಡ್, ಯೇಲ್ ಮೊದಲಾದ ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪು) ಆಗಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಕುಟುಂಬದ ಆದಾಯ ನೋಡಿ ಕೊಡುವ ನೆರವನ್ನು ವಿಚಾರಿಸಿ. ಡಿವಿಷನ್ 1ರಲ್ಲಿ ಆಡಲು ಪ್ರೌಢಶಾಲೆಯಲ್ಲಿ 16 ಕಡ್ಡಾಯ ಕೋರ್ಸ್‌ಗಳು ಮುಗಿದಿರಬೇಕಾದ್ದರಿಂದ, ಶಾಲೆಯ ಮಾರ್ಗದರ್ಶಕರೊಂದಿಗೆ ಆ ಪಟ್ಟಿಯನ್ನು ಈ ವರ್ಷವೇ ಪರಿಶೀಲಿಸಿ.