ಸಿಬಿಟಿ ಮತ್ತು ಕುಟುಂಬ ಚಿಕಿತ್ಸೆ: ಎರಡನ್ನೂ ಬೆರೆಸಿದರೆ ಕಲಸುಮೇಲೋಗರ ಆಗುವುದಿಲ್ಲವೇ?

ನೀವು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೀರಿ. ವ್ಯಕ್ತಿಯ ಆಲೋಚನೆ, ನಡವಳಿಕೆ ತಿದ್ದುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಸಾಕು ಎಂದು ಒಬ್ಬ ಮೇಷ್ಟ್ರು, ಇಡೀ ಮನೆಯನ್ನೇ ನೋಡುವ ಕುಟುಂಬ ಚಿಕಿತ್ಸೆ ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ, ಯಾರ ಮಾತು ಕೇಳಲಿ ಎಂದಿದ್ದೀರಿ. ಸಿಬಿಟಿಗೆ ಬುನಾದಿ ಹಾಕಿದ ಆರನ್ ಬೆಕ್, ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲೊಬ್ಬರಾದ ಸಾಲ್ವಡಾರ್ ಮಿನುಚಿನ್ ಇಬ್ಬರೂ 1960ರ ದಶಕದ ಉತ್ತರಾರ್ಧದಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ ಊರಿನಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಎರಡರ ನಡುವೆ ಬೇಲಿ ಹಾಕಿದ್ದು ಹೆಚ್ಚಾಗಿ ನಮ್ಮ ಪರೀಕ್ಷೆಯ ಪತ್ರಿಕೆಗಳು.

ನಾನು ಕಲಬುರಗಿಯಲ್ಲಿ ಆಪ್ತಸಮಾಲೋಚಕಿ. ಗುರುತು ಸಿಗದಂತೆ ವಿವರ ಬದಲಿಸಿ, ನಾನೇ ಎಡವಿದ ಒಂದು ಪ್ರಸಂಗ ಹೇಳುತ್ತೇನೆ.

ಕಿರಾಣಿ ಅಂಗಡಿಯ ಮನೆ. ಸೊಸೆಗೆ ಗೀಳು ಕಾಯಿಲೆ: ರಾತ್ರಿ ಏಳೆಂಟು ಸಲ ಎದ್ದು ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡಬೇಕು. ನಾನು ಅವಳೊಬ್ಬಳನ್ನೇ ಕೂರಿಸಿಕೊಂಡು ಸಿಬಿಟಿ ಶುರು ಮಾಡಿದೆ. ಒಮ್ಮೆ ಬಂದ್ ಮಾಡಿ ಮಲಗಿ, ಮತ್ತೆ ಏಳಬೇಡಿ, ಎದೆಯ ಡವಡವ ತಾನಾಗಿ ಇಳಿಯಲಿ. ಭಯ ಹತ್ತಕ್ಕೆ ಎಷ್ಟು ಎಂದು ಬರೆದಿಡಿ. ಏಳುವುದು ನಿಂತಿತು, ಆದರೆ ಮೂರು ವಾರವಾದರೂ ಭಯ ಎಂಟರಿಂದ ಕೆಳಗಿಳಿಯಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದನ್ನು ನಾನು ತಡವಾಗಿ ಓದಿದೆ: ‘ಅತ್ತೆ ನೋಡಿ ಬಂದರು.’

ಸೊಸೆ ಏಳದಿದ್ದರೆ ಅತ್ತೆ ಏಳುತ್ತಿದ್ದರು. ‘ಬಂದ್ ಆಗಿದೆ, ಮಲಗವ್ವ’ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಪ್ರೀತಿಯೇ, ಅನುಮಾನವಿಲ್ಲ. ಆ ಮಾತಿನಿಂದ ಆ ಗಳಿಗೆಗೆ ನೆಮ್ಮದಿ, ಗೀಳಿಗೆ ಮರುದಿನದ ಬುತ್ತಿ.

ಅತ್ತೆ, ಅವರ ಮಗ, ಸೊಸೆ ಮೂವರನ್ನೂ ಕರೆದೆ. ತಾಯಿ ಒಂದು ತುದಿಗೆ, ಮಗ ಇನ್ನೊಂದು ತುದಿಗೆ ಕುಳಿತರು, ಸೊಸೆ ನಡುವೆ. ಅಂಗಡಿಯ ಪಾಲಿನ ವಿಷಯಕ್ಕೆ ತಾಯಿ-ಮಗನ ನಡುವೆ ವರ್ಷದಿಂದ ಮಾತಿಲ್ಲ. ಅವರಿಬ್ಬರ ನಡುವೆ ಉಳಿದಿದ್ದ ಒಂದೇ ಮಾತು ‘ಗ್ಯಾಸ್ ನೋಡಿದೆಯಾ?’ ಕುಟುಂಬ ಚಿಕಿತ್ಸೆಯ ಇನ್ನೊಬ್ಬ ಹಿರಿಯರಾದ ಮರ್‍ರೇ ಬೋವೆನ್ ತ್ರಿಕೋನ ಎಂದು ಕರೆದದ್ದು ಇದನ್ನೇ: ಇಬ್ಬರ ನಡುವಿನ ಬಿಗುವು ಮೂರನೆಯವರನ್ನು ಎಳೆದುಕೊಳ್ಳುತ್ತದೆ.

ಹಾಗಾಗಿ ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಮೂವರಿಗೂ ಬಿತ್ತು. ಸೊಸೆಯದು ಹಳೆಯದೇ. ಮಗ ರಾತ್ರಿ ಹತ್ತು ನಿಮಿಷ ತಾಯಿಯೊಂದಿಗೆ ನೇರವಾಗಿ ಅಂಗಡಿಯ ಲೆಕ್ಕ ಮಾತಾಡಬೇಕು. ಅತ್ತೆಯ ಪಾಲಿಗೆ ಬಂದದ್ದು ಎದ್ದು ನೋಡದೆ ಸುಮ್ಮನಿರುವುದು, ಅವರಿಗೆ ಅದೇ ಕಷ್ಟವಾಯಿತು. ಕೇಳಿದರೆ, ‘ಎದ್ದು ನೋಡದಿದ್ದರೆ ನಾನೆಂಥ ಹಿರಿಯಳು?’ ಎಂದರು. ಸಿಬಿಟಿ ಹುಡುಕುವ ಆಲೋಚನೆ ಇಂಥದ್ದೇ. ನಾನು ಅದನ್ನು ಸೊಸೆಯ ತಲೆಯಲ್ಲಿ ಮಾತ್ರ ಹುಡುಕುತ್ತಿದ್ದೆ. ಅತ್ತೆಗೆ ಬರೆಯಲು ಬಾರದು. ಒಂದು ಬಟ್ಟಲು ಇಟ್ಟುಕೊಳ್ಳಿ, ಏಳದೆ ತಡೆದುಕೊಂಡ ಪ್ರತಿ ಸಲಕ್ಕೆ ಒಂದು ತೊಗರಿಕಾಳು ಹಾಕಿ ಎಂದೆ. ಎರಡನೆಯ ವಾರ ಕಾಳುಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ತಂದು ನನ್ನ ಮೇಜಿನ ಮೇಲೆ ಸುರಿದರು. ಭಯದ ಅಂಕ ಇಳಿಯತೊಡಗಿದ್ದು ಅಲ್ಲಿಂದ. ತಾಯಿ-ಮಗ ಈಗಲೂ ಜಗಳವಾಡುತ್ತಾರೆ, ಆದರೆ ಸೊಸೆಯನ್ನು ನಡುವೆ ಎಳೆದುಕೊಂಡಲ್ಲ.

ಎಲ್ಲ ಪ್ರಕರಣಕ್ಕೂ ಮನೆಮಂದಿಯನ್ನೆಲ್ಲ ಕರೆಯಬೇಕಾಗಿಲ್ಲ. ಪರೀಕ್ಷೆಯ ಭಯಕ್ಕೆ ಎಷ್ಟೋ ಸಲ ಹುಡುಗನೊಬ್ಬನೇ ಸಾಕು. ಔಷಧ ಬೇಕಾದ ಹಂತದಲ್ಲಿ ಮನೋವೈದ್ಯರ ಬಳಿ ಕಳುಹಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಟ್ಟಿರಿ. ಇನ್ನು ಹೊಡೆತ ಬಡಿತ ಇರುವ ಮನೆಯಾದರೆ ಒಟ್ಟಿಗೆ ಕೂರಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ನಿಮ್ಮ ಕೋಣೆಯಲ್ಲಿ ಬಾಯಿಬಿಟ್ಟ ಮಾತಿಗೆ ಆ ಮನೆಯ ಹೆಣ್ಣುಮಗಳು ಮರಳಿ ಹೋಗಿ ಪೆಟ್ಟು ತಿನ್ನಬೇಕಾಗುತ್ತದೆ.