ರಿಪೋರ್ಟ್ ನಾರ್ಮಲ್ ಬಂದ ಮೇಲೂ ಮಾತ್ರೆ ಏಕೆ?

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇವರನ್ನು ರಾಯರು ಎನ್ನೋಣ. ವಯಸ್ಸು 54, ಸಣಕಲು ಮೈ, ಮೊಟ್ಟೆಯನ್ನೂ ಮುಟ್ಟದವರು. ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಬಲೆಯಂಥ ಪುಟ್ಟ ಕೊಳವೆ) ಹಾಕಿಸಿಕೊಂಡು ಎಂಟು ತಿಂಗಳಾಗಿತ್ತು. ಕೊಲೆಸ್ಟ್ರಾಲ್ ಮತ್ತೆ ಏರಿದ್ದರಿಂದ ವೈದ್ಯರು ದಂಪತಿಯನ್ನು ಸಲಹೆಗಾಗಿ ನನ್ನಲ್ಲಿಗೆ ಕಳುಹಿಸಿದ್ದರು.

ರಾಯರು ಪ್ಲಾಸ್ಟಿಕ್ ಚೀಲದಿಂದ ಹಳೆಯ ರಿಪೋರ್ಟ್ ತೆಗೆದು, ಮಡಿಕೆಗಳನ್ನು ಅಂಗೈಯಿಂದ ನೀವಿ ಮೇಜಿನ ಮೇಲಿಟ್ಟರು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62 ಎಂಬುದರ ಕೆಳಗೆ ಕೆಂಪು ಗೆರೆ. "ಪೈಪಿನ ಜಿಡ್ಡು ತೆಗೆದಾಗಿದೆ, ರಿಪೋರ್ಟೂ ನಾರ್ಮಲ್. ಅದಕ್ಕೇ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟೆ." ಹೊಸ ರಿಪೋರ್ಟಿನಲ್ಲಿ ಎಲ್‌ಡಿಎಲ್ 158.

ಅವರನ್ನು ದೂರುವಂತಿಲ್ಲ. ರಕ್ತನಾಳಕ್ಕೆ ಪೈಪಿನ ಹೋಲಿಕೆ ಕೊಟ್ಟವರು ನಾವೇ. ತೊಳೆದರೆ ಮುಗಿಯಿತು ಎಂದೇ ಯಾರಿಗಾದರೂ ಅನಿಸುತ್ತದೆ. ಹಾಗಾಗಿ ನಾನು ಚಿತ್ರ ಬರೆಯುತ್ತಾ ಕುರುವಿನ ಮಾತೆತ್ತಿದೆ.

"ರಾಯರೇ, ಕೊಬ್ಬು ಕೂರುವುದು ರಕ್ತನಾಳದ ಗೋಡೆಯ ಒಳಗೆ. ಹೆಚ್ಚಾದ ಎಲ್‌ಡಿಎಲ್ ಅಲ್ಲಿಗೆ ನುಸುಳುತ್ತದೆ. ಬಿಳಿ ರಕ್ತಕಣಗಳು ಅದನ್ನು ನುಂಗಿ ನುಂಗಿ ಅಲ್ಲೇ ಸಾಯುತ್ತವೆ. ಕೀವು ತುಂಬಿದ ಕುರುವಿನಂತೆ ಅದು ಬೆಳೆಯುತ್ತದೆ. ಮೇಲಿನ ಪೊರೆ ತೆಳುವಾಗಿ ಹರಿದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದೇ ಹೃದಯಾಘಾತ. ಸ್ಟೆಂಟ್ ಒಂದು ಜಾಗದ ಕುರುವನ್ನು ಬದಿಗೆ ಒತ್ತಿ ದಾರಿ ಬಿಡಿಸಿದೆ, ಕಿತ್ತು ತೆಗೆದಿಲ್ಲ. ಬೇರೆ ಕಡೆಯೂ ಇರಬಹುದು. ಮಾತ್ರೆ ಎಲ್‌ಡಿಎಲ್ ಇಳಿಸುತ್ತದೆ, ಪೊರೆಯನ್ನು ಗಟ್ಟಿ ಮಾಡುತ್ತದೆ. 62 ಬಂದದ್ದು ಮಾತ್ರೆ ನುಂಗುತ್ತಿದ್ದುದರಿಂದ."

ರಾಯರು ಬಹಳ ಹೊತ್ತು ಆ ಕೆಂಪು ಗೆರೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅವರ ಪತ್ನಿ ಮೆಲ್ಲಗೆ ಕೇಳಿದರು: "ನಾನು ತುಪ್ಪ ಬಡಿಸಿದ್ದರಿಂದಲೇ ಹೀಗಾಯಿತೇ?" ಎಂಟು ತಿಂಗಳಿಂದ ಆ ತಾಯಿ ಇದನ್ನು ಒಳಗೇ ನುಂಗಿಕೊಂಡಿದ್ದರು. ನನಗೆ ಅದೇ ಹೆಚ್ಚು ನೋವು ತಂದಿತು.

"ಇಲ್ಲಮ್ಮಾ. ಮೈಯೊಳಗಿನ ಕೊಲೆಸ್ಟ್ರಾಲಿನ ಹೆಚ್ಚು ಪಾಲು ತಯಾರಾಗುವುದು ದೇಹದಲ್ಲೇ. ತುಪ್ಪ, ಬೆಣ್ಣೆ, ವನಸ್ಪತಿ ಎಲ್‌ಡಿಎಲ್ ಏರಿಸುತ್ತವೆ, ನಿಜ. ಆದರೆ ಅದೊಂದೇ ಕಾರಣವಲ್ಲ." ವಂಶದ ಬಗ್ಗೆ ಕೇಳಿದೆ. ರಾಯರ ತಂದೆ 49ಕ್ಕೇ ಎದೆನೋವಿನಿಂದ ತೀರಿಕೊಂಡಿದ್ದರು.

ನಾನು ಕೊಟ್ಟ ಸಲಹೆ ಇಷ್ಟು. ಇಂದೇ ವೈದ್ಯರನ್ನು ಕಂಡು ಮಾತ್ರೆ ಮತ್ತೆ ಶುರು ಮಾಡಿ, ಅವರನ್ನು ಕೇಳದೆ ಬಿಡಬೇಡಿ. ಸ್ನಾಯು ನೋವು ಬಂದರೆ ತಿಳಿಸಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ತುಪ್ಪ ಚಮಚಕ್ಕೆ ಇಳಿಯಲಿ, ಬೇಕರಿ ತಿಂಡಿ ಬೇಡ, ಕಾಳು ಸೊಪ್ಪು ಹೆಚ್ಚಲಿ. ದಿನವೂ ವೈದ್ಯರು ಒಪ್ಪಿದಷ್ಟು ನಡೆಯಿರಿ. ಆರು ವಾರಕ್ಕೆ ಮರುಪರೀಕ್ಷೆ. ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಿ ಎಂದು ಎರಡು ಸಲ ಹೇಳಿದೆ.

ಆರು ವಾರದ ಬಳಿಕ ರಾಯರ ಎಲ್‌ಡಿಎಲ್ 66. ಪತ್ನಿ ಇನ್ನೊಂದು ರಿಪೋರ್ಟನ್ನೂ ತಂದಿದ್ದರು. ಅದು 27 ವರ್ಷದ ಮಗನದು: 171. ಅವನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಒಳಗೆ ಕರೆದು, ಕುರುವಿನ ಚಿತ್ರವನ್ನು ಮೊದಲಿನಿಂದ ಬರೆಯತೊಡಗಿದೆ.