ಬದಿಯಡ್ಕದ ಲೇಖಕಿಗೆ: ನಿಮ್ಮ ಬ್ಯಾಕ್ಟೀರಿಯಾ ಲೇಖನದ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ‘ಬದಲಾಗುವ ಬ್ಯಾಕ್ಟೀರಿಯಾ’ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲಾರೆ. ಆದರೆ ಬಿಟ್ಟುಕೊಡಲೂ ಮನಸ್ಸಿಲ್ಲ. ಒಂದೇ ಕೋಶದ ಜೀವಿಗಳಲ್ಲಿ ಮ್ಯುಟೇಶನ್, ಅಂದರೆ ಡಿಎನ್ಎಯಲ್ಲಾಗುವ ಬದಲಾವಣೆ, ಹೇಗೆ ಸೇರುತ್ತಾ ಹೋಗುತ್ತದೆ ಎಂದು ಕನ್ನಡದಲ್ಲಿ ಬರೆಯುವವರು ಕಡಿಮೆ. ಮಂಜೇಶ್ವರ, ಕುಂಬಳೆಯ ಕನ್ನಡ ಶಾಲೆಗಳ ಮಕ್ಕಳೂ ನಮ್ಮ ಪತ್ರಿಕೆ ಓದುತ್ತಾರೆ. ಅವರ ತಲೆಯಲ್ಲಿ ತಪ್ಪು ಕೂತರೆ ತೆಗೆಯುವುದು ಕಷ್ಟ. ಅದಕ್ಕೇ ನೇರವಾಗಿ ಹೇಳುತ್ತೇನೆ.

ಮೊದಲು ಕಳ್ಳಿನ ಪ್ಯಾರಾ. ಬೆಳಗ್ಗೆ ಇಳಿಸಿದ ಸಿಹಿ ಕಳ್ಳು ಆಮೇಲೆ ಹುಳಿಯಾಗುವುದು ಯೀಸ್ಟಿನಲ್ಲಿ ಮ್ಯುಟೇಶನ್ ಆಗುವುದರಿಂದ ಎಂದಿದ್ದೀರಿ. ಅಲ್ಲ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಆಮೇಲೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ವಿನೆಗರ್‌ನಲ್ಲಿರುವ ಆಮ್ಲ ಮಾಡುತ್ತವೆ. ಇದಕ್ಕೆ ಯಾವುದರ ಡಿಎನ್ಎಯೂ ಬದಲಾಗಬೇಕಿಲ್ಲ. ಮೂರ್ತೆದಾರರನ್ನು ಮಾತಾಡಿಸಿ ಬರೆದ ಆ ಸಾಲುಗಳು ಚೆನ್ನಾಗಿವೆ, ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ಡಾರ್ವಿನ್ನರ ಬಾಲ್ಯದ ಮೊದಲ ಪುಟವನ್ನೂ ತೆಗೆಯಿರಿ.

‘ಔಷಧಿ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ತನ್ನನ್ನು ಬದಲಿಸಿಕೊಳ್ಳುತ್ತದೆ’ ಎಂಬ ವಾಕ್ಯ ಅದಕ್ಕಿಂತ ದೊಡ್ಡ ತಪ್ಪು. 1943ರಲ್ಲೇ ಲೂರಿಯಾ ಮತ್ತು ಡೆಲ್‌ಬ್ರೂಕ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದರು. ಬೇರೆ ಬೇರೆ ಕೊಳವೆಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಅವನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ವೈರಸ್ ಸಿಕ್ಕಿದ ಮೇಲೆ ಬದಲಾಗುವುದಾದರೆ ಎಲ್ಲ ಕೊಳವೆಗಳಿಂದಲೂ ಹೆಚ್ಚುಕಡಿಮೆ ಅಷ್ಟಷ್ಟೇ ಬದುಕಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಕೆಲವದರಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ರಾಶಿ. ಬದಲಾವಣೆ ವೈರಸ್ಸಿಗಿಂತ ಮೊದಲೇ ಆಗಿತ್ತು. ಬೇಗ ಆದ ಕೊಳವೆಯಲ್ಲಿ ಅದರ ಸಂತಾನ ಜಾಸ್ತಿ.

ಇನ್ನು ಲೇಖನದ ಜೀವ ಇರುವ ಜಾಗ. ಮ್ಯುಟೇಶನ್ ಕೂಡಿಹಾಕುವ ಪ್ರಯೋಗವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ನನಗೆ ಬೇಕಾದದ್ದು ಅದೇ! ಓದುವವರಿಗೆ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆ ಕಾಣಬೇಕು. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ಕೋಶ ಎರಡಾಗಿ, ನಾಲ್ಕಾಗಿ, 25 ಸುತ್ತು ಹೀಗೇ ಹೋದರೆ 3 ಕೋಟಿಗೂ ಹೆಚ್ಚು ಕೋಶಗಳ ಒಂದು ಕಾಲನಿ. ಒಂದೊಂದು ಕೋಶದ ಡಿಎನ್ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳು. ಸಾವಿರ ಸಲ ನಕಲು ಮಾಡಿದರೆ ಸುಮಾರು ಒಂದು ಹೊಸ ತಪ್ಪು. ಅಂದರೆ ಕೊನೆಯ ಸುತ್ತೊಂದರಲ್ಲೇ ಸಾವಿರಾರು ಹೊಸ ಮ್ಯುಟೇಶನ್. ಇವನ್ನು ಒಟ್ಟಿಗೆ ಸುಮ್ನೆ ಬೆಳೆಯಲು ಬಿಟ್ಟರೆ ಚುರುಕಾದವು ಸೊರಗಿದವನ್ನು ಹಿಂದೆ ಹಾಕುತ್ತವೆ, ಹಾನಿ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಪ್ರತಿ ಸಲ ಒಂದೇ ಕಾಲನಿಯಿಂದ ಹೊಸ ತಟ್ಟೆ ಶುರು ಮಾಡುತ್ತಾರೆ. ಕಾಲನಿ ಹುಟ್ಟುವುದು ಒಂದು ಕೋಶದಿಂದ, ಹಾಗಾಗಿ ಇಡೀ ವಂಶ ಮತ್ತೆ ಮತ್ತೆ ಒಂದೇ ಕೋಶಕ್ಕೆ ಇಳಿಯುತ್ತದೆ. ದೊಡ್ಡ ಕಾಲನಿಯನ್ನು ಆರಿಸುವಂತಿಲ್ಲ. ತಟ್ಟೆಯಲ್ಲಿ ಮೊದಲೇ ಗುರುತು ಹಾಕಿ ಅದರ ಹತ್ತಿರದ್ದನ್ನು ತೆಗೆಯುವುದುಂಟು. ಕೋಶವನ್ನೇ ಕೊಲ್ಲುವಂಥದ್ದು ಬಿಟ್ಟರೆ ಹೆಚ್ಚಿನ ಮ್ಯುಟೇಶನ್‌ಗಳಿಗೂ ಹೀಗೆ ಉಳಿಯುವ ಅವಕಾಶ ಸಿಗುತ್ತದೆ.

ಆಮೇಲೆ ಹೀಗೆ ಬೆಳೆಸಿದ ವಂಶವನ್ನು ಫ್ರೀಜರ್‌ನಲ್ಲಿಟ್ಟ ಮೂಲ ತಳಿಯ ಜೊತೆ ಪೈಪೋಟಿಗೆ ಬಿಡುತ್ತಾರೆ. ಯಾವುದು ಬೇಗ ಹೆಚ್ಚುತ್ತದೋ ಅದರ ಫಿಟ್‌ನೆಸ್ ಜಾಸ್ತಿ. 1996ರಲ್ಲಿ ಕಿಬೋಟಾ ಮತ್ತು ಲಿಂಚ್ ಇ. ಕೋಲಿಯಲ್ಲಿ ಹೀಗೆ ಮಾಡಿದಾಗ ಸರಾಸರಿ ಫಿಟ್‌ನೆಸ್ ನಿಧಾನವಾಗಿ ಇಳಿಯಿತು. ಒಂದೇ ತಾಯಿಯಿಂದ ಹೊರಟ ವಂಶಗಳು ಒಂದಕ್ಕೊಂದು ಬೇರೆಯಾಗುತ್ತಾ ಹೋದವು.

ನೀವಾದರೋ ವಿಜ್ಞಾನಿ ಲೆನ್ಸ್ಕಿಯವರ ಇ. ಕೋಲಿ ಪ್ರಯೋಗವೊಂದನ್ನೇ ಹಿಡಿದು ‘ಮ್ಯುಟೇಶನ್ ಜೀವಿಯನ್ನು ಸುಧಾರಿಸುತ್ತದೆ’ ಎಂದು ಮುಗಿಸಿದ್ದೀರಿ. 1988ರಲ್ಲಿ ಶುರುವಾದ ಆ 12 ಫ್ಲಾಸ್ಕ್‌ಗಳಲ್ಲಿ ಫಿಟ್‌ನೆಸ್ ಏರಿದ್ದು ನಿಜ. ಆದರೆ ಅಲ್ಲಿ ದಿನಾ ನೂರರಲ್ಲಿ ಒಂದು ಪಾಲು, ಅಂದರೆ ಲಕ್ಷಗಟ್ಟಲೆ ಕೋಶಗಳು, ಹೊಸ ಫ್ಲಾಸ್ಕ್‌ಗೆ ಹೋಗುತ್ತವೆ. ಪೈಪೋಟಿ ಒಳಗೇ ನಡೆಯುತ್ತದೆ, ಅಪರೂಪದ ಒಳ್ಳೆಯ ಬದಲಾವಣೆ ಗೆಲ್ಲುತ್ತದೆ. ಎರಡೂ ಕಡೆ ಮ್ಯುಟೇಶನ್ ಹುಟ್ಟುವುದು ಕುರುಡಾಗಿಯೇ. ಎಷ್ಟು ಕೋಶಗಳನ್ನು ದಾಟಿಸುತ್ತೀರಿ ಎಂಬುದರ ಮೇಲೆ ಏರುವುದೋ ಇಳಿಯುವುದೋ ನಿಂತಿದೆ. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಲೇಖನವನ್ನು ಹೊಸದಾಗಿ ಬರೆಯಿರಿ.

ಮೂರು ಪುಟ ಜಾಗ ಇಡುತ್ತೇನೆ. ತಟ್ಟೆಯ ಚಿತ್ರವನ್ನು ನೀವೇ ಬಿಡಿಸಿ ಕಳಿಸಿ, ಇಂಟರ್ನೆಟ್‌ನಿಂದ ತೆಗೆದದ್ದು ಬೇಡ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರೂ ನಡೆಯುತ್ತದೆ.